ಟ್ರ್ಯಾಕ್ ಎರಡು, ಪಡಸಾಲೆ ಒಂದು

ಹೋದ ಸಲ ಹಬ್ಬಕ್ಕೆ ಕುಂಸಿಗೆ ಹೋದಾಗ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಒಂದು ಸ್ಪ್ರೆಡ್‌ಶೀಟ್ ತುಂಬಿಸ್ತಾ ಕೂತಿದ್ದೆ. ಶಿವಮೊಗ್ಗದಲ್ಲಿ ಗೆಳೆಯರೆಲ್ಲ ಸೇರಿ ಮುಕ್ತ ತಂತ್ರಾಂಶದ ಬಗ್ಗೆ ಒಂದು ದಿನದ ಸಮ್ಮೇಳನ ಮಾಡೋಣ ಅಂತ ಹೊರಟಿದ್ದೇವೆ. ಇರೋದು ಎರಡು ಹಾಲ್, ಆರು ಗಂಟೆ. ಬಂದಿರೋ ಅರ್ಜಿ ನಲವತ್ತು. ಯಾವುದನ್ನ ಯಾವ ಟ್ರ್ಯಾಕಿಗೆ ಹಾಕೋದು, ಯಾವುದನ್ನ ಬಿಡೋದು ಅನ್ನೋದು ನನ್ನ ತಲೆಗೆ ಬಂದಿರೋ ಕೆಲಸ.

ಅಪ್ಪ ಇಣುಕಿ ನೋಡಿ, "ಟ್ರ್ಯಾಕ್ ಅಂದ್ರೆ ರೈಲಿಂದಾ?" ಅಂದ್ರು. ಒಂಥರಾ ಹೌದು. ನಮ್ಮೂರಿನ ಮೇಲೆ ಹೋಗೋ ಶಿವಮೊಗ್ಗ–ತಾಳಗುಪ್ಪ ಲೈನು ಒಂಟಿ ಹಳಿಯದು. ಎದುರಿನ ಗಾಡಿ ದಾಟಬೇಕು ಅಂದ್ರೆ ಈ ಗಾಡಿ ಯಾವುದೋ ಸ್ಟೇಷನ್ನಿನಲ್ಲಿ ಕಾಯಲೇಬೇಕು. ವೇಳಾಪಟ್ಟಿ ಬರೆಯೋದು ಅಂದ್ರೆ ಯಾರು ಕಾಯಬೇಕು ಅಂತ ತೀರ್ಮಾನ ಮಾಡೋದೇ.

ಈ ತೀರ್ಮಾನಕ್ಕೆ ನಮ್ಮ ರಾಜ್ಯದಲ್ಲೇ ಒಂದು ಇತಿಹಾಸ ಇದೆ. 2001ರಲ್ಲಿ ಬೆಂಗಳೂರಿನ ಲಿನಕ್ಸ್ ಬಳಕೆದಾರರ ಗುಂಪಿನವರು 'ಲಿನಕ್ಸ್ ಬೆಂಗಳೂರು' ಅನ್ನೋ ಸಮ್ಮೇಳನ ಶುರು ಮಾಡಿದರು. ಮುಂದಾಳು ಅತುಲ್ ಚಿಟ್ನಿಸ್. ನಡೆಸುತ್ತಿದ್ದವರು ಸ್ವಯಂಸೇವಕರು. ಡೌನ್‌ಲೋಡ್ ಅನ್ನೋದು ಡಯಲ್‌ಅಪ್ ಮೋಡೆಮ್ಮಿನ ಕರುಣೆಯ ಮೇಲೆ ನಿಂತಿದ್ದ ಕಾಲ ಅದು. ಪಿಸಿಕ್ವೆಸ್ಟ್ ಪತ್ರಿಕೆಯ ಜತೆ ಬರುತ್ತಿದ್ದ ಸೀಡಿಯಿಂದಲೇ ಎಷ್ಟೋ ಜನ ಲಿನಕ್ಸ್ ಮುಖ ನೋಡಿದ್ದು. ಹಾಗಾಗಿ ಮೊದಮೊದಲ ಸಮ್ಮೇಳನಗಳಲ್ಲಿ 'ಇದೇನು, ಹೇಗೆ ಹಾಕ್ಕೊಳ್ಳೋದು' ಅನ್ನೋ ಮಾತಿಗೂ ಜಾಗ ಇತ್ತು. 2005ರಲ್ಲಿ ಹೆಸರು 'ಫಾಸ್ ಡಾಟ್ ಇನ್' ಆಯ್ತು. ಲಿನಕ್ಸ್ ಒಂದೇ ಅಲ್ಲ, ಮುಕ್ತ ತಂತ್ರಾಂಶ ಎಲ್ಲವೂ ನಮ್ಮದು ಅನ್ನೋ ಅರ್ಥದಲ್ಲಿ.

ಅಲ್ಲಿಂದ ದಿಕ್ಕು ಬದಲಾಯ್ತು. ಭಾರತದಲ್ಲಿ ಮುಕ್ತ ತಂತ್ರಾಂಶ ಬಳಸೋರು ಬೇಕಾದಷ್ಟು, ಅದಕ್ಕೆ ಕೋಡ್ ಬರೆದು ವಾಪಸ್ ಕೊಡೋರು ತೀರಾ ಕಮ್ಮಿ. ಈ ಕೊರಗು ಸಂಘಟಕರನ್ನ ಕಾಡ್ತಿತ್ತು. ಪರಿಚಯದ ಭಾಷಣಗಳನ್ನ ಹಿಂದೆ ಸರಿಸಿ, ಕೆಲಸ ಮಾಡುವವರನ್ನ ಮುಂದೆ ತಂದರು. ಒಂದೊಂದು ಯೋಜನೆಗೆ ಒಂದೊಂದು ದಿನ ಬಿಟ್ಟುಕೊಡೋ 'ಪ್ರಾಜೆಕ್ಟ್ ಡೇ', ಕೂತು ಕೋಡ್ ಬರೆಯೋ 'ವರ್ಕ್‌ಔಟ್' ಬಂದವು. ಬರೀ ಕೇಳಿ ಹೋಗೋದಕ್ಕೆ ಬರಬೇಡಿ, ಏನಾದ್ರೂ ಮಾಡೋದಕ್ಕೆ ಬನ್ನಿ ಅನ್ನೋದು ಸಂದೇಶ. 2012ರ ಸಮ್ಮೇಳನವೇ ಕೊನೆಯದಾಯ್ತು. ಮರುವರ್ಷ ಜೂನಿನಲ್ಲಿ ಚಿಟ್ನಿಸ್ ತೀರಿಕೊಂಡರು.

ಅವರು ಮಾಡಿದ್ದು ತಪ್ಪಾ? ನನಗೆ ಎರಡೂ ಅನ್ನಿಸುತ್ತೆ. ಕಾಲೇಜಿನಲ್ಲಿದ್ದಾಗ ಒಂದು ಸಲ ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿ ಈ ಸಮ್ಮೇಳನಕ್ಕೆ ಹೋಗಿದ್ದೆ. ಕರ್ನಲ್ ಬಗ್ಗೆ ಯಾರೋ ಮಾತಾಡ್ತಿದ್ರು. ಕೊನೇ ಸಾಲಿನಲ್ಲಿ ಕೂತ ನನಗೆ ಅರ್ಥವಾಗಿದ್ದು 'ಥ್ಯಾಂಕ್ಯೂ' ಮಾತ್ರ. ನನ್ನ ಹತ್ರ ಇದ್ದಿದ್ದು ಬೇರೇನೇ ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ 'ರ‍್ಯಾಂಕ್' ಅಂತ ಟೈಪ್ ಮಾಡಿದ್ರೆ 'ರ್ಯಾಂಕ್' ಅಂತ ಯಾಕೆ ಬರುತ್ತೆ?

ಸಣ್ಣ ಪ್ರಶ್ನೆ ಅನ್ಕೋಬೇಡಿ. ಯೂನಿಕೋಡ್ ಪ್ರಕಾರ 'ರ'ಕ್ಕೆ ಹಲಂತ, ಆಮೇಲೆ 'ಯ' ಬಂದ್ರೆ ಅದು ಅರ್ಕಾವೊತ್ತು. 'ರ' ಪೂರ್ತಿ ಉಳಿದು 'ಯ' ಒತ್ತಾಗಬೇಕು ಅಂದ್ರೆ 'ರ' ಆದ ತಕ್ಷಣ ಕಣ್ಣಿಗೆ ಕಾಣದ ಒಂದು ಜೋಡಕ ಸೇರಿಸಬೇಕು. ಕೀಬೋರ್ಡು ಆ ಜೋಡಕ ಕೊಡಬೇಕು, ಅಕ್ಷರ ಜೋಡಿಸೋ ತಂತ್ರಾಂಶ ಅದನ್ನ ಗುರುತಿಸಬೇಕು, ಫಾಂಟಿನಲ್ಲಿ ಆ ಒತ್ತು ಇರಬೇಕು. ಮೂರರಲ್ಲಿ ಒಂದು ಕೈಕೊಟ್ಟರೂ ಕನ್ನಡ ಕೆಡುತ್ತೆ. ಇದು ಕರ್ನಲ್ ಟ್ರ್ಯಾಕಿಗೂ ಸೇರಲ್ಲ, ಹೊಸಬರ ಟ್ರ್ಯಾಕಿಗೂ ಸೇರಲ್ಲ. ನನಗೆ ಉತ್ತರ ಸಿಕ್ಕಿದ್ದು ಊಟದ ಸಾಲಿನಲ್ಲಿ. ಮುಂದೆ ನಿಂತಿದ್ದ ಅಪರಿಚಿತರೊಬ್ಬರು ತಟ್ಟೆ ಪಕ್ಕಕ್ಕಿಟ್ಟು, ದೋಷವನ್ನ ಎಲ್ಲಿ ವರದಿ ಮಾಡಬೇಕು, ಹೇಗೆ ಬರೀಬೇಕು ಅಂತ ಹೇಳಿಕೊಟ್ಟರು. ಆ ವರದಿಯೇ ನಾನು ಮುಕ್ತ ತಂತ್ರಾಂಶಕ್ಕೆ ಕೊಟ್ಟ ಮೊದಲ ಕಾಣಿಕೆ. ಇಂಥ ಮಾತುಕತೆಗೆ ಸಮ್ಮೇಳನದ ಜನ 'ಹಾಲ್‌ವೇ ಟ್ರ್ಯಾಕ್' ಅಂತಾರೆ. ನಮ್ಮ ಮಲೆನಾಡಿನ ಭಾಷೆಯಲ್ಲಿ ಪಡಸಾಲೆ.

ಅಂದ್ರೆ ಸಂಘಟಕರು ಬಯಸಿದ್ದೇ ಆಯ್ತು: ಕೇಳೋಕೆ ಬಂದವನು ಕೊಡುವವನಾದ. ಆದ್ರೆ ವೇಳಾಪಟ್ಟಿಯಿಂದ ಅಲ್ಲ, ವೇಳಾಪಟ್ಟಿಯ ಸಂದಿಯಿಂದ.

ಬ್ರಸೆಲ್ಸ್‌ನಲ್ಲಿ 2001ರಿಂದ ನಡೆಯೋ ಫಾಸ್‌ಡೆಮ್ ಈ ಗಂಟನ್ನ ಬೇರೆ ಥರ ಬಿಡಿಸಿತು. ಪ್ರವೇಶ ಉಚಿತ, ನೋಂದಣಿಯೂ ಬೇಡ. ಮುಖ್ಯ ಟ್ರ್ಯಾಕುಗಳ ಜತೆಗೆ ಹತ್ತಾರು 'ಡೆವ್‌ರೂಮ್' ಇರುತ್ತವೆ. ಆ ಕೋಣೆಯಲ್ಲಿ ಏನು ನಡೀಬೇಕು ಅಂತ ಹೇಳೋದು ಕೇಂದ್ರ ಸಮಿತಿಯಲ್ಲ, ಆ ಸಮುದಾಯದವರೇ. ಈಗ ಬೆಂಗಳೂರಿನ ಇಂಡಿಯಾಫಾಸ್ ಸಮ್ಮೇಳನದಲ್ಲೂ ಡೆವ್‌ರೂಮ್ ಬಂದಿದೆ. 2024ರಲ್ಲಿ ಅದು ನಡೆದಿದ್ದು ನಿಮ್ಹಾನ್ಸ್ ಸಭಾಂಗಣದಲ್ಲಿ. ಫಾಸ್ ಡಾಟ್ ಇನ್ ತನ್ನ ಕೊನೇ ದಿನಗಳನ್ನ ಕಳೆದಿದ್ದೂ ಅಲ್ಲೇ.

ಸ್ಪ್ರೆಡ್‌ಶೀಟಿಗೆ ವಾಪಸ್ ಬರ್ತೀನಿ. ನನ್ನ ಮೊದಲ ಕರಡಿನಲ್ಲಿ ಒಂದನೇ ಹಾಲ್ 'ತಾಂತ್ರಿಕ', ಎರಡನೇದು 'ಕನ್ನಡ' ಅಂತಿತ್ತು. ಕನ್ನಡ ತಾಂತ್ರಿಕ ಅಲ್ವಾ ಹಾಗಾದ್ರೆ? ನನ್ನ ಕೈಯಲ್ಲೇ ನಾನು ಅದನ್ನ ಪಕ್ಕದ ಕೋಣೆಗೆ ಕಳಿಸಿದ್ದೆ! ಆ ಗೆರೆ ಅಳಿಸಿದೆ. ಫಾಂಟಿನ ಮಾತು ಬೆಳಗ್ಗೆ ಹತ್ತಕ್ಕೆ, ದೊಡ್ಡ ಹಾಲಿನಲ್ಲಿ, ಡೇಟಾಬೇಸಿನ ಮಾತಿನ ಪಕ್ಕದಲ್ಲೇ. ಎರಡನೇ ಹಾಲ್ ಮಧ್ಯಾಹ್ನದಿಂದ ಖಾಲಿ. ಮೇಜು, ಪ್ಲಗ್ಗು, ವೈಫೈ, ಮೇಜಿಗೊಬ್ಬರು ಗೊತ್ತಿರೋರು, ಅಷ್ಟೆ. ಊಟದ ವಿರಾಮ ನಲವತ್ತು ನಿಮಿಷ ಇದ್ದಿದ್ದನ್ನ ಒಂದೂವರೆ ಗಂಟೆ ಮಾಡಿದೆ.

ಇದಕ್ಕೋಸ್ಕರ ಐದು ಭಾಷಣ ಬಿಡಬೇಕಾಯ್ತು. ಅದರಲ್ಲಿ ಒಂದು ನನ್ನ ಗೆಳೆಯನದೇ, ಚೆನ್ನಾಗಿತ್ತು ಕೂಡ. ಫೋನ್ ಮಾಡಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮೇಜಿಗೊಬ್ಬ ಬೇಕು ಅಂದ್ಯಲ್ಲ, ನಾನು ಕೂರ್ತೀನಿ ಬಿಡು" ಅಂದ.