ಬಿನೋದ್ ಬಿಹಾರಿ ಅವರ ಬಣ್ಣದ ಕಾಗದ

ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ಅವರ ಕೊಲಾಜ್‌ಗಳ ಮಾತು ಬಂದರೆ ಕಥೆ ಅವರ ಕಣ್ಣಿನಿಂದಲೇ ಶುರುವಾಗುತ್ತದೆ. 1957ರ ಹೊತ್ತಿಗೆ ಶಸ್ತ್ರಚಿಕಿತ್ಸೆ ಫಲಿಸದೆ ದೃಷ್ಟಿ ಪೂರ್ತಿ ಹೋಯಿತು, ಕೈ ಬಣ್ಣದ ಕಾಗದ, ಕತ್ತರಿ, ಅಂಟಿನ ಕಡೆ ಹೋಯಿತು ಎನ್ನುವಲ್ಲಿಗೆ ಆ ಕಥೆ ಮುಗಿಯುತ್ತದೆ. ಇದರಲ್ಲಿ ಸುಳ್ಳೇನಿಲ್ಲ, ಆದರೆ ಇಷ್ಟೇ ಹೇಳಿದರೆ ಕಲಾವಿದರಿಗೆ ಅನ್ಯಾಯವಾಗುತ್ತದೆ. ಆ ಕಾಗದಗಳಲ್ಲಿ ಕಾಣುವ ಜಾಗದ ಅರಿವನ್ನು ಅವರು ಅದಕ್ಕೂ ಹದಿನೇಳು ವರ್ಷ ಮೊದಲೇ ಶಾಂತಿನಿಕೇತನದಲ್ಲಿ ಕಂಡುಕೊಂಡಿದ್ದರು.

1940ರಲ್ಲಿ ಅವರು ಅಲ್ಲಿನ ಕಲಾಶಾಲೆಯಾದ ಕಲಾಭವನದ ವಿದ್ಯಾರ್ಥಿನಿಲಯದ ಒಳಮಾಳಿಗೆಗೆ ಸುತ್ತಲಿನ ಬೀರ್ಭೂಮ್ ಜಿಲ್ಲೆಯ ಹಳ್ಳಿಯನ್ನೇ ಏರಿಸಿದರು. ನಡುವೆ ಕೊಳ, ಅದರ ಸುತ್ತ ಮರ, ಮನೆ, ದನಕರು, ದಿನದ ಕೆಲಸದಲ್ಲಿ ಮುಳುಗಿದ ಜನ. ಚಿತ್ರ ತಲೆಯ ಮೇಲಿರುವುದರಿಂದ ಇದು ಮೇಲು, ಇದು ಕೆಳಗು ಎಂಬ ಕಟ್ಟಿಲ್ಲ. ಕತ್ತೆತ್ತಿ ನಿಂತವರು ಒಂದು ಸುತ್ತು ತಿರುಗಿದರೇ ಊರು ಪೂರ್ತಿ ಕಾಣುವುದು. ಒಂದೇ ಕಡೆ ನಿಂತು ನೋಡುವವನಿಗಾಗಿ ದೂರ ಹತ್ತಿರಗಳನ್ನು ಅಳೆದಿಡುವ ಪದ್ಧತಿಯನ್ನು ಅವರು ಅಲ್ಲೇ ಕೈಬಿಟ್ಟರು. 1946-47ರಲ್ಲಿ ಶಾಂತಿನಿಕೇತನದ ಹಿಂದಿ ಭವನದ ಮೂರು ಗೋಡೆಗಳಲ್ಲಿ ಮಧ್ಯಯುಗದ ಸಂತರನ್ನು ಬರೆದಾಗಲೂ ಪೂರ್ಣ ಅಳತೆಯ ಕರಡು ಮಾಡಿಕೊಳ್ಳದೆ ನೇರ ಗೋಡೆಗೇ ಇಳಿದರು. ಹುಟ್ಟಿನಿಂದ ಅವರ ಒಂದು ಕಣ್ಣು ಕಾಣದು, ಇನ್ನೊಂದರಲ್ಲಿ ದೃಷ್ಟಿ ತೀರಾ ಮಂದ. ಅಂಥವರು ಅಷ್ಟುದ್ದದ ಗೋಡೆಯನ್ನು ಒಂದೇ ನೋಟಕ್ಕೆ ಹಿಡಿದಿರಲಾರರು. ಇಡೀ ಚಿತ್ರವನ್ನು ಮನಸ್ಸಿನಲ್ಲಿ ಹೊತ್ತು ಕೈಯಳತೆಯಷ್ಟೇ ಬರೆಯುತ್ತ ಸಾಗುವ ಅಭ್ಯಾಸ ಆಗಲೇ ಗಟ್ಟಿಯಾಗಿತ್ತು.

ಕಾಗದ ಕತ್ತರಿಸಿ ಅಂಟಿಸುವ ಈ ಕೆಲಸ ಫ್ರೆಂಚ್ ಕಲಾವಿದ ಮತೀಸ್ ಹಾಕಿಕೊಟ್ಟ ದಾರಿಯಲ್ಲವೇ ಎಂದು ಕೇಳಬಹುದು. ಕತ್ತರಿಸಿದ ಕಾಗದದ ಚಿತ್ರಗಳಿರುವ ಮತೀಸ್ ಅವರ ಪುಸ್ತಕ ‘ಜಾಝ್’ 1947ರಲ್ಲೇ ಹೊರಬಂದಿತ್ತು, ಹೋಲಿಕೆಯೂ ಇದೆ. ಆದರೆ ಮತೀಸ್ ತಾವೇ ಬಣ್ಣ ಬಳಿಸಿದ ಕಾಗದವನ್ನು ಗೋಡೆಗೆ ಸಿಕ್ಕಿಸಿ, ದೂರದಿಂದ ನೋಡಿ, ಜಾಗ ಬದಲಿಸುತ್ತಿದ್ದರು. ಬಿನೋದ್ ಬಿಹಾರಿ ಅವರಿಗೆ ಆ ದೂರವೇ ಇರಲಿಲ್ಲ. ಒಂದು ಕಾಗದ ಮುಗಿದು ಇನ್ನೊಂದು ಶುರುವಾಗುವ ಅಂಚು ಬೆರಳಿಗೆ ಸಿಗಬೇಕಿತ್ತು. ಅವರ ಕಾಗದದಲ್ಲಿ ಬರುವವರೂ ಒರಗಿ ಕೂತವರು, ಹಣ್ಣು ಹಿಡಿದ ಹೆಂಗಸು, ಒಳಮಾಳಿಗೆಯ ಹಳ್ಳಿಯವರ ನೆಂಟರಂಥವರು.

ಬಣ್ಣದ ಆಕ್ಷೇಪ ಇನ್ನೂ ಗಟ್ಟಿ: ಕಾಣದ ಬಣ್ಣವನ್ನು ಆರಿಸಿದರೆಂದು ಹೇಗೆ ನಂಬುವುದು? ಯಾವ ಹಾಳೆ ಯಾವ ಬಣ್ಣದ್ದೆಂದು ಪಕ್ಕದವರು ಹೇಳಬೇಕಿತ್ತು, ನಿಜ. ಆದರೆ ಅಂಗಡಿಯ ಬಣ್ಣದ ಕಾಗದಕ್ಕೆ ಕುಂಚದ ಬಣ್ಣಕ್ಕಿಲ್ಲದ ಒಂದು ಗುಣವಿದೆ. ಅದು ಬೆರೆಯದು, ಹರಿಯದು, ಒಣಗಿ ಮಾಸದು. ಕೆಂಪು ಎಂದರೆ ಅಂಚಿನಿಂದ ಅಂಚಿಗೆ ಅದೇ ಕೆಂಪು. ಐದು ದಶಕ ಬಣ್ಣ ನೋಡಿದ ನೆನಪಿಗೆ ಅಷ್ಟು ಸಾಕಿತ್ತು. ಯಾವ ಕೆಂಪಿನ ಪಕ್ಕ ಯಾವ ಹಳದಿ ಬರಬೇಕೆಂಬ ತೀರ್ಮಾನ ಹಾಳೆ ತೆಗೆದುಕೊಟ್ಟವರದಲ್ಲ, ಅವರದೇ. 1972ರಲ್ಲಿ ಕಲಾಭವನದ ಗೋಡೆಗೆ ಅವರು ಸೆರಾಮಿಕ್ ಬಿಲ್ಲೆಗಳಲ್ಲಿ ಮಾಡಿಸಿದ ಭಿತ್ತಿಚಿತ್ರ ಈ ಕಾಗದದ ಕೆಲಸದಿಂದಲೇ ಬೆಳೆದದ್ದು. ಅದೇ ವರ್ಷ ಸತ್ಯಜಿತ್ ರಾಯ್ ಬಿನೋದ್ ಬಿಹಾರಿ ಅವರ ಕುರಿತ ತಮ್ಮ ‘ದಿ ಇನ್ನರ್ ಐ’ ಸಾಕ್ಷ್ಯಚಿತ್ರದಲ್ಲಿ ಆ ಗೋಡೆಯನ್ನೂ ಸೆರೆಹಿಡಿದರು.