ಗರ್ಭದ ಹದ: ಏಳು ದಶಕಗಳ ಹುಡುಕಾಟ

ಗರ್ಭಕೋಶದ ಒಳಪದರ ಭ್ರೂಣಕ್ಕೆ ಸಿದ್ಧವಾಗಿದೆಯೇ ಎಂದು ಪರೀಕ್ಷಿಸುವ ವಿದ್ಯೆಗೆ ಕ್ರಮ ಬಂದದ್ದು 1950ರಲ್ಲಿ. ಅಮೆರಿಕದ ನಾಯ್ಸ್, ಹರ್ಟಿಗ್ ಮತ್ತು ರಾಕ್, ಒಳಪದರದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಋತುಚಕ್ರದ ಎಷ್ಟನೆಯ ದಿನದ್ದೆಂದು ಹೇಳುವ ಲಕ್ಷಣಗಳನ್ನು ಗೊತ್ತುಮಾಡಿದರು. ಆ ಲೆಕ್ಕಕ್ಕಿಂತ ಹಿಂದುಳಿದ ಪದರವನ್ನು ದೋಷವೆಂದು ಬಗೆದು ಅರ್ಧ ಶತಮಾನ ಚಿಕಿತ್ಸೆ ನಡೆಯಿತು. ಸುಲಭವಾಗಿ ಗರ್ಭಿಣಿಯರಾದ ಹೆಂಗಸರಲ್ಲೂ ಆ ವ್ಯತ್ಯಾಸ ಅಷ್ಟೇ ಸಾಮಾನ್ಯವೆಂದು ಅಮೆರಿಕದ ಬಹುಕೇಂದ್ರ ಅಧ್ಯಯನ ತೋರಿಸಿದ್ದು 2004ರಲ್ಲಿ. ನಡುವೆ ಸಿದ್ಧತೆಯ ಗುರುತುಗಳೆಂದು ಒಳಪದರದ ಮೇಲ್ಮೈಯ ಉಬ್ಬುಗಳಾದ ಪಿನೋಪೋಡ್‌ಗಳು ಬಂದವು, ಇಂಟೆಗ್ರಿನ್ ಎಂಬ ಪ್ರೋಟೀನ್ ಬಂತು. ಸ್ಕ್ಯಾನಿಂಗ್‌ನಲ್ಲಿ ಒಳಪದರ ಕನಿಷ್ಠ 7 ಮಿ.ಮೀ. ದಪ್ಪವಿರಬೇಕೆಂಬ ಗೆರೆ ಇಂದಿಗೂ ಉಳಿದಿದೆ, ಅದಕ್ಕಿಂತ ತೆಳುವಾದ ಪದರದಲ್ಲೂ ಗರ್ಭ ನಿಂತ ಉದಾಹರಣೆಗಳಿದ್ದರೂ.

ನಮ್ಮ ಕಾಲದ ದೊಡ್ಡ ಭರವಸೆ ಇಆರ್‌ಎ ಎಂಬ ಪರೀಕ್ಷೆ. ಸ್ಪೇನಿನ ವೆಲೆನ್ಸಿಯಾದ ಕಾರ್ಲೋಸ್ ಸಿಮೋನ್ ಅವರ ತಂಡ 2011ರಲ್ಲಿ 238 ಜೀನ್‌ಗಳ ಚಟುವಟಿಕೆಯನ್ನು ಅಳೆದು, ಒಳಪದರ ಹದಕ್ಕೆ ಬಂದಿದೆಯೋ ಇಲ್ಲವೋ ಹೇಳಬಹುದೆಂದಿತು. ಒಂದು ಚಕ್ರದಲ್ಲಿ ಬಯಾಪ್ಸಿ. ಫಲಿತಾಂಶ ನೋಡಿ ಮುಂದಿನ ಚಕ್ರದಲ್ಲಿ ಭ್ರೂಣ ಇಡುವ ಮೊದಲು ಪ್ರೊಜೆಸ್ಟರಾನ್ ಕೊಡುವ ಗಂಟೆಗಳನ್ನು ಹೆಚ್ಚಿಸುವುದು ಅಥವಾ ಇಳಿಸುವುದು. ವಿಜ್ಞಾನವಾಗಿ ಅದು ಗಂಭೀರವಾದ ಕೆಲಸ; ಪುರಾವೆ ಗಟ್ಟಿಯಾಗುವ ಮೊದಲೇ ಅದು ದಿನನಿತ್ಯದ ಪರೀಕ್ಷೆಯಾದದ್ದು ತಪ್ಪು. 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 767 ಹೆಂಗಸರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. ಪರೀಕ್ಷೆಯ ಮಾತು ಕೇಳಿ ಸಮಯ ಬದಲಿಸಿದ ಗುಂಪಿನಲ್ಲಿ ಶೇ. 58.5ರಷ್ಟು ಮಂದಿಗೆ ಜೀವಂತ ಶಿಶು ಜನಿಸಿತು. ಎಂದಿನ ಸಮಯಕ್ಕೇ ಭ್ರೂಣ ಇಟ್ಟ ಗುಂಪಿನಲ್ಲಿ ಶೇ. 61.9. ಪರೀಕ್ಷೆಯಿಂದ ಲಾಭ ಕಾಣಲಿಲ್ಲ.

ಈ ಸೋಲಿಗಿಂತ ಅದರ ಹಿಂದಿರುವ ಕಲ್ಪನೆಯೇ ಹೆಚ್ಚು ವಿಚಾರಕ್ಕೆ ಅರ್ಹ. ಹೊಲ ಹದವಾದರೆ ಸಾಕು, ಬಿತ್ತಿದ್ದು ಮೊಳೆಯುತ್ತದೆ ಎಂಬ ನಂಬಿಕೆ ನಾಯ್ಸ್‌ರಿಂದ ಇಆರ್‌ಎವರೆಗೂ ಬದಲಾಗಿಲ್ಲ. ಆದರೆ ಹೊಲ ಬೀಜವನ್ನು ಆರಿಸುವುದಿಲ್ಲ, ಗರ್ಭಕೋಶ ಆರಿಸುತ್ತದೆ. ಮನುಷ್ಯರಲ್ಲಿ ಭ್ರೂಣ ಬರಲಿ, ಬಾರದಿರಲಿ, ಒಳಪದರದ ಜೀವಕೋಶಗಳು ಪ್ರತಿ ತಿಂಗಳೂ ತಾವಾಗಿಯೇ ರೂಪ ಬದಲಿಸುತ್ತವೆ. ಇಲಿಯಲ್ಲಿ ಆ ಬದಲಾವಣೆಗೆ ಭ್ರೂಣವೇ ಬರಬೇಕು. ಹೀಗೆ ಬದಲಾದ ಜೀವಕೋಶಗಳು ಕುಂಠಿತ ಭ್ರೂಣವನ್ನು ಗುರುತಿಸಿ, ನಾಟುವಿಕೆಗೆ ಬೇಕಾದ ಸ್ರಾವಗಳನ್ನು ತಗ್ಗಿಸುತ್ತವೆ ಎಂದು ಬ್ರೋಸೆನ್ಸ್, ಮ್ಯಾಕ್ಲನ್ ಮತ್ತು ಅವರ ಜೊತೆಗಾರರು 2010ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಪದೇ ಪದೇ ಗರ್ಭಪಾತವಾಗುವ ಕೆಲವರಲ್ಲಿ ತೊಂದರೆ ಒಳಪದರ ಒಲ್ಲೆನ್ನುವುದಲ್ಲ, ಆಯ್ಕೆಯಿಲ್ಲದೆ ಎಲ್ಲವನ್ನೂ ಒಪ್ಪಿಕೊಳ್ಳುವುದು ಎಂಬ ವಾದಕ್ಕೆ ಬಲ ಬಂದದ್ದು ಇಲ್ಲಿಂದಲೇ. ಈ ಕ್ಷೇತ್ರದಲ್ಲಿ ಇತ್ತೀಚೆಗೆ ಬಂದ ಅತ್ಯಂತ ಫಲವತ್ತಾದ ವಿಚಾರ ಇದು. ಸಿದ್ಧತೆಯನ್ನು ಗಂಟೆಗಳಲ್ಲಿ ಅಳೆಯುವ ಪರೀಕ್ಷೆ ಈ ಆಯ್ಕೆಯ ಗುಣವನ್ನು ಅಳೆಯಲಾರದು.

767 ಮಂದಿಯ ಪ್ರಯೋಗ ಪದೇ ಪದೇ ಭ್ರೂಣ ನಾಟದೆ ಸೋತವರ ಮೇಲೆ ನಡೆದದ್ದಲ್ಲ, ಅಂಥವರಿಗೆ ಪರೀಕ್ಷೆ ನೆರವಾಗಬಹುದಲ್ಲ ಎಂಬ ಆಕ್ಷೇಪವಿದೆ. ನ್ಯಾಯವಾದ ಮಾತೇ. ಆದರೆ ಅಂಥವರ ಸಂಖ್ಯೆ ನಾವು ಅಂದುಕೊಂಡಷ್ಟಿಲ್ಲ. 4,429 ಹೆಂಗಸರ ದಾಖಲೆಗಳ ಅಧ್ಯಯನವೊಂದರಲ್ಲಿ, ವರ್ಣತಂತು ಸರಿಯಿರುವ ಭ್ರೂಣಗಳನ್ನು ಒಂದಾದ ಮೇಲೊಂದರಂತೆ ಮೂರು ಬಾರಿ ಇಡುವ ಹೊತ್ತಿಗೆ ಸುಮಾರು ಶೇ. 95 ಮಂದಿಯಲ್ಲಿ ಗರ್ಭ ನಿಲ್ಲುವುದೆಂಬ ಲೆಕ್ಕ ಸಿಕ್ಕಿತು. ಉಳಿದವರಿಗೆ ಮಾತ್ರ ಒಳಪದರದ ಪ್ರಶ್ನೆ ನಿಜವಾಗಿ ಮುಖ್ಯ. ನಮ್ಮ ದೇಶದಲ್ಲಿ ಆ ಉಳಿದವರ ನಡುವೆ ಜನನಾಂಗದ ಕ್ಷಯ ಬಂದುಹೋದ ಹೆಂಗಸರಿದ್ದಾರೆ. ಒಳಪದರ ಕಲೆಗಟ್ಟಿ, ತೆಳುವಾಗಿ, ಕೆಲವೊಮ್ಮೆ ಗರ್ಭಕೋಶದ ಗೋಡೆಗಳೇ ಅಂಟಿಕೊಂಡು, ಮುಟ್ಟೇ ನಿಂತುಹೋದವರು. ಅವರ ತೊಂದರೆ ಗಂಟೆಗಳ ಹಿಂದುಮುಂದಿನದಲ್ಲ, ಪದರವೇ ನಾಶವಾದದ್ದು. ಬೆಂಗಳೂರಿನಿಂದ ಕಲಬುರಗಿಯವರೆಗೆ ಯಾವುದೇ ಊರಿನ ಐವಿಎಫ್ ಕೇಂದ್ರಕ್ಕೆ ಬರುವ ಅಂಥ ಹೆಣ್ಣುಮಗಳ ಒಳಪದರ ಎಷ್ಟರಮಟ್ಟಿಗೆ ಚೇತರಿಸಿಕೊಂಡಿದೆ ಎಂದು ಖಚಿತವಾಗಿ ಹೇಳಬಲ್ಲ ಪರೀಕ್ಷೆ ಇನ್ನೂ ಯಾರ ಕೈಯಲ್ಲೂ ಇಲ್ಲ.