ಪುಣೆಯ ‘ಮಕ್ಕಳ ತೋಟ’ ಮತ್ತು ಪಂಡಿತಾ ರಮಾಬಾಯಿ

ಪುಣೆ ಸೀಮೆಯಲ್ಲಿ ಎಳೆಯರಿಗೆ ಕ್ರೈಸ್ತ ಮೌಲ್ಯಗಳನ್ನು ಕಲಿಸಿದ ಪ್ರಯತ್ನಗಳ ಚರಿತ್ರೆಯಲ್ಲಿ, 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರ ಕಾರ್ಯಕ್ಕೆ ವಿಶೇಷ ಸ್ಥಾನವಿದೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು, 1886ರಲ್ಲಿ ಅಮೆರಿಕಕ್ಕೆ ತೆರಳಿ, ಫಿಲಡೆಲ್ಫಿಯಾದಲ್ಲಿ ಕಿಂಡರ್‌ಗಾರ್ಟನ್, ಅಂದರೆ ‘ಮಕ್ಕಳ ತೋಟ’ ಎಂಬ ಶಿಕ್ಷಣಕ್ರಮವನ್ನು ಅಭ್ಯಾಸ ಮಾಡಿದರು. ಪಾದ್ರಿಯ ಮಗನಾಗಿದ್ದ ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ ರೂಪಿಸಿದ ಈ ಕ್ರಮದಲ್ಲಿ ಆಟವೇ ಪಾಠವಾಗಿತ್ತು. ಬಣ್ಣದ ಉಣ್ಣೆಯ ಆರು ಚೆಂಡುಗಳು, ಆಮೇಲೆ ಮರದ ಗೋಳ, ಉರುಳೆ, ಘನ ಹೀಗೆ ಒಂದೊಂದಾಗಿ ಕೈಗೆ ಬರುವ ‘ಕೊಡುಗೆ’ಗಳನ್ನು ಉರುಳಿಸುತ್ತ ಜೋಡಿಸುತ್ತ ಮಗುವು ಸೃಷ್ಟಿಯ ಏಕತೆಯನ್ನೂ ಅದರೊಳಗಿನ ದೇವರನ್ನೂ ಅರಿಯುತ್ತದೆಂದು ಫ್ರೊಬೆಲ್ ನಂಬಿದ್ದರು.

ಈ ಕ್ರಮವನ್ನು ಕಲಿತು ಭಾರತಕ್ಕೆ ಮರಳಿದ ರಮಾಬಾಯಿ ಸ್ಥಾಪಿಸಿದ, 1889ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಪುಣೆಗೆ ಬಂದ ಶಾರದಾ ಸದನವು ಬಾಲವಿಧವೆಯರ ವಸತಿಶಾಲೆಯಾಗಿದ್ದು, ಧಾರ್ಮಿಕ ತಟಸ್ಥತೆಗೆ ಬದ್ಧವಾಗಿತ್ತು. ಆದರೆ ಕೆಲವು ಬಾಲಕಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಸ್ವಇಚ್ಛೆಯಿಂದ ಕುಳಿತುಕೊಳ್ಳತೊಡಗಿದ್ದು ದೊಡ್ಡ ವಿವಾದವಾಗಿ, 1893ರಲ್ಲಿ ಸಮಾಜ ಸುಧಾರಕರಾದ ಮಹಾದೇವ ಗೋವಿಂದ ರಾನಡೆ ಮತ್ತು ಆರ್. ಜಿ. ಭಂಡಾರ್ಕರ್ ಸದನದ ಸಲಹಾ ಮಂಡಳಿಯಿಂದ ಹೊರನಡೆದರು.

1896ರ ಕ್ಷಾಮದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ ಆಶ್ರಯವಾದ, ರಮಾಬಾಯಿಯವರೇ ಕಟ್ಟಿದ ಪುಣೆ ಜಿಲ್ಲೆಯ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಮಾತ್ರ ಕ್ರೈಸ್ತ ಬೋಧನೆ ಬಹಿರಂಗವಾಗಿಯೇ ನಡೆಯಿತು. ಅಲ್ಲಿ ಹಸಿದ ಮಗುವಿಗೆ ಮೊದಲು ಅನ್ನ, ಅನಂತರ ಅಕ್ಷರ, ಅದರೊಡನೆ ಪ್ರಾರ್ಥನೆ ಎಂಬಂತೆ ಸೇವೆಯೂ ಶಿಕ್ಷಣವೂ ಒಂದಾದವು. ಮತಾಂತರದ ಪ್ರಶ್ನೆ ಎಷ್ಟೇ ಗಂಭೀರವಾಗಿದ್ದರೂ, ಸಮಾಜ ಕೈಬಿಟ್ಟ ಹೆಣ್ಣುಕೂಸುಗಳ ಎಳೆಯ ಮನಸ್ಸೂ ಆಟಕ್ಕೆ, ಅಕ್ಕರೆಗೆ, ಗೌರವಕ್ಕೆ ಅರ್ಹವೆಂದು ಸಾರಿದ ಆ ಶ್ರಮವನ್ನು ಚರಿತ್ರೆ ಮರೆಯಲಾರದು.